ಒರೆಸುವ ಕೈಗೆ ತಿಳಿಯುವುದು

ರೇಡಿಯೊ ರಿಮೋಟಿನಿಂದ ಮಾದರಿ ವಿಮಾನ ಹಾರಿಸುವವರ ಬಯಲಿಗೆ ಭಾನುವಾರ ಬೆಳಗ್ಗೆ ಹೋಗಿ ನೋಡಿ. ಒಂದು ವಿಮಾನ ಆಕಾಶದಲ್ಲಿರುವುದು ಎಂಟು–ಹತ್ತು ನಿಮಿಷ. ಇಳಿದ ಮೇಲೆ ಅದನ್ನು ಸ್ಟ್ಯಾಂಡಿನ ಮೇಲೆ ಬೋರಲು ಮಲಗಿಸಿ, ಹಳೆಯ ಹತ್ತಿ ಬಟ್ಟೆ ಹಿಡಿದು ಮೈಯೆಲ್ಲ ಒರೆಸುತ್ತ ಕೂರುವುದು ಅದಕ್ಕಿಂತ ಹೆಚ್ಚು ಹೊತ್ತು. ಹೊಸಬರಿಗೆ ಇದು ಬೇಸರದ ಕೆಲಸ. ಹಳಬರು ಮಾತ್ರ ಏನೇ ಆದರೂ ಬಿಡುವುದಿಲ್ಲ. ವಿಮಾನ ನೆಲ ಮುಟ್ಟಿದರೆ ಹಾರಾಟ ಮುಗಿದಂತಲ್ಲ, ಒರೆಸಿ ಎತ್ತಿಟ್ಟರೆ ಮುಗಿದಂತೆ ಎನ್ನುವುದು ಅವರ ಲೆಕ್ಕ. ಆ ಲೆಕ್ಕ ಸರಿಯೆಂದು ನಾನು ನಂಬುತ್ತೇನೆ. ಅದಕ್ಕೆ ಕಾರಣ ವಿಮಾನದ ಅಂದಚೆಂದಕ್ಕಿಂತ ದೊಡ್ಡದು.

ಮೊದಲು ಕೊಳೆಯ ಮೂಲ ನೋಡೋಣ. ಈ ಹವ್ಯಾಸದಲ್ಲಿ ದಶಕಗಳಿಂದ ಬಳಕೆಯಲ್ಲಿರುವುದು ಗ್ಲೋ ಎಂಜಿನ್. ಅದರ ಇಂಧನದಲ್ಲಿ ಹೆಚ್ಚಿನ ಪಾಲು ಮೆಥನಾಲ್, ಜೊತೆಗೆ ಒಂದಿಷ್ಟು ನೈಟ್ರೋಮೀಥೇನ್, ಸಾಮಾನ್ಯವಾಗಿ ಶೇ 15ರಿಂದ 20ರಷ್ಟು ಎಣ್ಣೆ. ಎಂಜಿನ್ನಿಗೆ ಬೇರೆ ಆಯಿಲ್ ಹಾಕುವ ವ್ಯವಸ್ಥೆ ಇಲ್ಲದ್ದರಿಂದ ಬೇರಿಂಗು, ಪಿಸ್ಟನ್ನುಗಳನ್ನು ಕಾಯುವುದು ಇಂಧನದಲ್ಲಿ ಬೆರೆತ ಈ ಎಣ್ಣೆಯೇ. ಕೆಲಸ ಮುಗಿಸಿದ ಎಣ್ಣೆ ಅಷ್ಟೂ ಉರಿದುಹೋಗುವುದಿಲ್ಲ. ಬಹುಪಾಲು ಸೈಲೆನ್ಸರಿನಿಂದ ಹೊರಬಂದು, ಪ್ರೊಪೆಲ್ಲರಿನ ಗಾಳಿಗೆ ಸಿಕ್ಕಿ, ವಿಮಾನದ ಪಕ್ಕೆ, ಹೊಟ್ಟೆ, ರೆಕ್ಕೆಯ ಬುಡ, ಬಾಲದವರೆಗೂ ಹರಡುತ್ತದೆ. ಕಾಲು ಲೀಟರ್ ಇಂಧನದಲ್ಲಿ 40ರಿಂದ 50 ಮಿಲಿಲೀಟರ್ ಎಣ್ಣೆ ಇರುತ್ತದೆಂದರೆ, ಒಂದು ಬೆಳಗಿನಲ್ಲಿ ಮೂರು ಸಲ ಹಾರಿದ ವಿಮಾನದ ಸ್ಥಿತಿ ಊಹಿಸಿಕೊಳ್ಳಬಹುದು.

ಆ ಎಣ್ಣೆ ಒಮ್ಮೊಮ್ಮೆ ಸಿಂಥೆಟಿಕ್, ಒಮ್ಮೊಮ್ಮೆ ನಮ್ಮ ಮನೆಗಳಲ್ಲಿ ತಲೆಗೆ ಹಚ್ಚುವ ಹರಳೆಣ್ಣೆಯೇ, ಹಲವು ಸಲ ಎರಡರ ಬೆರಕೆ. ಎಂಜಿನ್ ವಿಪರೀತ ಕಾದಾಗಲೂ ಲೋಹವನ್ನು ಬಿಟ್ಟುಕೊಡದೆ ಕಾಯುವ ಗುಣ ಹರಳೆಣ್ಣೆಗಿದೆ. ಆದರೆ ಬಿಸಿ ಲೋಹದ ಮೇಲೆ ಉಳಿದರೆ ಅದು ಕಂದು ವಾರ್ನಿಷಿನಂತೆ ಗಟ್ಟಿಯಾಗಿ ಕೂರುತ್ತದೆ. ಹಸಿಯಿದ್ದಾಗ ಒಂದೇ ಎಳೆತಕ್ಕೆ ಬರುವ ಕಲೆ, ವಾರ ಬಿಟ್ಟರೆ ಉಜ್ಜಿದರೂ ಬರುವುದಿಲ್ಲ. ಬೆಂಗಳೂರಿನ ಸುತ್ತಮುತ್ತಲಿನ ಬಯಲುಗಳಲ್ಲಿ ಇದಕ್ಕೆ ಕೆಮ್ಮಣ್ಣೂ ಸೇರುತ್ತದೆ. ಎಣ್ಣೆ ಹಿಡಿದ ಮೈಗೆ ಕೆಂಪು ಧೂಳು ಅಂಟಿದರೆ ಅದು ಕಣ್ಣಿಗೆ ಕಾಣದ ಉಪ್ಪುಕಾಗದ. ಹಾಗೆಯೇ ಒರೆಸಿದರೆ ಬಣ್ಣವನ್ನೂ ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳವನ್ನೂ ಗೀರುತ್ತದೆ.

ಅಂದ ಕೆಡುವುದು ಸಣ್ಣ ನಷ್ಟ. ಒಳಗಿನ ಮರ ಕೆಡುವುದು ದೊಡ್ಡ ನಷ್ಟ. ಮಾದರಿ ವಿಮಾನಗಳ ಮೂಳೆ ಬಾಲ್ಸಾ ಮರ. ದಕ್ಷಿಣ ಅಮೆರಿಕದ, ಅದರಲ್ಲೂ ಈಕ್ವೆಡಾರಿನ ಈ ಮರ ಘನ ಮೀಟರಿಗೆ ಸುಮಾರು 160 ಕಿಲೋ ತೂಗುತ್ತದೆ, ನೀರಿನ ಆರನೇ ಒಂದು ಭಾಗ. ಇಷ್ಟು ಹಗುರವಾಗಿರಲು ಕಾರಣ ಅದರೊಳಗಿನ ದೊಡ್ಡ ದೊಡ್ಡ ಟೊಳ್ಳು ಕೋಶಗಳು. ಹಾರಾಟಕ್ಕೆ ವರವಾದ ಆ ಟೊಳ್ಳೇ ಎಣ್ಣೆಯ ವಿಷಯದಲ್ಲಿ ಶಾಪ. ಮೇಲೆ ಬಿಸಿ ಮಾಡಿ ಎಳೆದು ಹೊದಿಸಿದ ಪ್ಲಾಸ್ಟಿಕ್ ಫಿಲ್ಮಿನ ಅಂಚು ಎಲ್ಲಾದರೂ ಕೂದಲೆಳೆಯಷ್ಟು ಎದ್ದಿದ್ದರೂ ಸಾಕು, ಎಣ್ಣೆ ಒಳಗೆ ನುಗ್ಗಿ ಮರ ಕುಡಿದುಬಿಡುತ್ತದೆ. ಎಣ್ಣೆ ಕುಡಿದ ಬಾಲ್ಸಾ ಮೆತ್ತಗಾಗುತ್ತದೆ, ಭಾರವಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅದಕ್ಕೆ ಅಂಟು ಹಿಡಿಯುವುದಿಲ್ಲ. ಮುರಿದರೆ ಕೂಡಿಸಲಾಗದು. ಎಂಜಿನ್ ಕೂತಿರುವ ಮುಂಭಾಗದ ಪ್ಲೈವುಡ್ ಗೋಡೆಗೆ, ಇಂಧನದ ಟ್ಯಾಂಕಿರುವ ಗೂಡಿಗೆ ತೆಳುವಾಗಿ ಎಪಾಕ್ಸಿ ಬಳಿಯುವುದು ಈ ಕಾರಣಕ್ಕೆ. ಆಗಲೇ ಎಣ್ಣೆ ಕುಡಿದ ಮರಕ್ಕೆ ಕಾರ್ನ್‌ಫ್ಲೋರ್ ದಪ್ಪಗೆ ಉದುರಿಸಿ, ಅದು ಎಣ್ಣೆ ಹೀರಿದ ಮೇಲೆ ಕೊಡವಿ, ಮತ್ತೆ ಉದುರಿಸಿ ಒಂದಿಷ್ಟು ಉಳಿಸಿಕೊಳ್ಳಬಹುದು. ಅಂದಂದೇ ಒರೆಸುವುದು ಅದಕ್ಕಿಂತ ಎಷ್ಟೋ ಸುಲಭ.

ಒರೆಸುವುದಕ್ಕೂ ಒಂದು ಕ್ರಮವಿದೆ. ಮೊದಲು ಮೆತ್ತನೆ ಬ್ರಶ್ಶಿನಿಂದ ಧೂಳು ಹಾರಿಸಬೇಕು. ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವೇ ಹನಿ ಬೆರೆಸಿದ ನೀರು ಅಥವಾ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಅದನ್ನು ವಿಮಾನದ ಮೇಲೆ ಸಿಂಪಡಿಸಬಾರದು, ಬಟ್ಟೆಗೆ ಸಿಂಪಡಿಸಬೇಕು. ಮೈಮೇಲೆ ಸಿಂಪಡಿಸಿದ್ದು ಹಿಂಜುಗಳ ಸಂದಿಯಲ್ಲಿ, ರೆಕ್ಕೆ–ಬಾಲದ ಅಲುಗುವ ಭಾಗಗಳನ್ನು ನಡೆಸುವ ಸರ್ವೋ ಮೋಟರುಗಳ ಒಳಗೆ ಇಳಿಯುತ್ತದೆ. ಮೂಗಿನಿಂದ ಬಾಲದ ಕಡೆಗೆ, ಒಂದೇ ದಿಕ್ಕಿಗೆ ಒರೆಸಬೇಕು. ಫಿಲ್ಮಿನ ಜೋಡಣೆಗಳು ಗಾಳಿಗೆ ಏಳದ ಹಾಗೆ ಹಿಂದಕ್ಕೆ ಮುಖಮಾಡಿ ಅಂಟಿರುತ್ತವೆ, ಎದುರು ದಿಕ್ಕಿಗೆ ಉಜ್ಜಿದರೆ ನಮ್ಮ ಕೈಯೇ ಅವನ್ನು ಎಬ್ಬಿಸುತ್ತದೆ. ಪಾರದರ್ಶಕ ಮುಚ್ಚಳಕ್ಕೆ ಅಮೋನಿಯಾ ಇರುವ ಗಾಜು ಕ್ಲೀನರ್ ತಾಗಿಸಬಾರದು, ಪ್ಲಾಸ್ಟಿಕ್ ಒಳಗೊಳಗೇ ಸೂಕ್ಷ್ಮವಾಗಿ ಬಿರುಕು ಬಿಡುತ್ತದೆ. ಬಟ್ಟೆಯ ಬಗ್ಗೆ ಹೇಳುವುದಾದರೆ, ಎಷ್ಟೋ ವರ್ಷ ಒಗೆದು ಮೆತ್ತಗಾದ ಹತ್ತಿ ಪಂಚೆಯ ತುಂಡಿಗೆ ಸಮನಾದದ್ದು ಇಲ್ಲ.

ದಿನದ ಕೊನೆಯ ಹಾರಾಟವಾದ ಮೇಲೆ ಎಂಜಿನ್ನಿಗೂ ಆರೈಕೆ ಬೇಕು. ಮೆಥನಾಲಿಗೆ ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣವಿದೆ. ಒಳಗೆ ಉಳಿದರೆ ಬೇರಿಂಗಿಗೆ ತುಕ್ಕು ಖಚಿತ. ಹಾಗಾಗಿ ಇಂಧನದ ಪೈಪು ಕಳಚಿ, ಒಳಗಿರುವುದಷ್ಟೂ ಉರಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುತ್ತಾರೆ. ಆಮೇಲೆ ಕಾರ್ಬ್ಯುರೇಟರಿಗೂ ಗ್ಲೋ ಪ್ಲಗ್ಗಿನ ತೂತಿಗೂ ಕೆಲವು ಹನಿ ರಕ್ಷಕ ಎಣ್ಣೆ ಬಿಟ್ಟು ಪ್ರೊಪೆಲ್ಲರನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸುತ್ತಾರೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯ ಹವೆಯಲ್ಲಿ, ಇದನ್ನು ತಪ್ಪಿಸಿದವರ ಎಂಜಿನ್ ಮುಂದಿನ ತಿಂಗಳು ತಿರುಗುವುದೇ ಅನುಮಾನ.

ಇಷ್ಟು ಯಾವ ಕೈಪಿಡಿಯಲ್ಲಾದರೂ ಸಿಕ್ಕೀತು. ಹಳಬರು ಒರೆಸುವುದನ್ನು ಹತ್ತಿರ ಕೂತು ನೋಡಿದರೆ ಕೈಪಿಡಿಯಲ್ಲಿಲ್ಲದ್ದು ಕಾಣುತ್ತದೆ. ಅವರ ಕೈ ಒಂದೇ ವೇಗದಲ್ಲಿ ಹೋಗುವುದಿಲ್ಲ. ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಲುಗುವ ಐಲೆರಾನಿನ ಬಳಿ ನಿಲ್ಲುತ್ತದೆ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗುತ್ತಾರೆ, ಹಿಂಜ್ ಹಿಡಿತ ಬಿಟ್ಟಿದೆಯೇ ಎಂದು. ಸರ್ವೋವಿನಿಂದ ಬರುವ ಸರಳಿನ ತುದಿಯಲ್ಲಿ ಕ್ಲೆವಿಸ್ ಎಂಬ ಪುಟ್ಟ ಕೊಂಡಿ ಇರುತ್ತದೆ. ಅದು ಹಾರಾಟದ ಅದುರಿಗೆ ಬಾಯಿ ಬಿಡದಿರಲೆಂದು ಇಂಧನದ ಪೈಪಿನಿಂದ ಕತ್ತರಿಸಿದ ಸಣ್ಣ ರಬ್ಬರ್ ಬಳೆಯೊಂದನ್ನು ಮೇಲೆ ತೊಡಿಸಿರುತ್ತಾರೆ. ಬಟ್ಟೆ ಅಲ್ಲಿ ಹಾದಾಗ ಆ ಬಳೆ ಸೀಳಿರುವುದು ಸಿಗುತ್ತದೆ. ಅಕ್ಕಿಕಾಳಿನಷ್ಟು ಸಣ್ಣ ಸೀಳು. ನಿಂತು ನೋಡಿದರೆ ಕಾಣದು, ಬೆರಳು ಸವರಿದರೆ ತಟ್ಟನೆ ತಿಳಿಯುತ್ತದೆ. ಅದು ಜಾರಿದರೆ ಕೊಂಡಿ ಬಿಚ್ಚುತ್ತದೆ, ಕೊಂಡಿ ಬಿಚ್ಚಿದರೆ ವಿಮಾನದ ಮೂಗನ್ನು ಏರಿಳಿಸುವ ಎಲಿವೇಟರ್ ಸತ್ತಂತೆ, ಆಮೇಲೆ ಕೈಯಲ್ಲಿರುವ ರಿಮೋಟ್ ಬರೀ ಆಟದ ಸಾಮಾನು.

ಪ್ರೊಪೆಲ್ಲರಿನ ಅಂಚನ್ನಂತೂ ಅವರು ಉಗುರಿನಿಂದಲೇ ಓದುತ್ತಾರೆ. 12 ಅಂಗುಲದ ಪ್ರೊಪೆಲ್ಲರ್ ನಿಮಿಷಕ್ಕೆ 10,000 ಸುತ್ತು ತಿರುಗುವಾಗ ಅದರ ತುದಿ ಗಂಟೆಗೆ 570 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿರುತ್ತದೆ. ಇಳಿಯುವಾಗ ಒಂದು ಕಲ್ಲು ತಾಗಿ ಅಂಚಿನಲ್ಲಿ ಸಣ್ಣ ಕಚ್ಚು ಬಿದ್ದಿದ್ದರೆ, ಆ ವೇಗಕ್ಕೆ ಅಲ್ಲಿಂದಲೇ ತುಂಡಾಗಿ ಸುತ್ತಲಿದ್ದವರ ಕಡೆ ಹಾರಬಹುದು. ಉಗುರು ಸಿಕ್ಕಿಕೊಂಡ ಪ್ರೊಪೆಲ್ಲರಿಗೆ ಅಂಟು ಹಾಕುವ ಮಾತೇ ಇಲ್ಲ. ಎರಡು ತುಂಡು ಮಾಡಿ ಎಸೆಯುತ್ತಾರೆ, ಬೇರೆ ಯಾರೂ ಹೆಕ್ಕಿ ಬಳಸದಿರಲಿ ಎಂದು.

ಈ ಆರೈಕೆಯ ತಿರುಳು ಇರುವುದು ಇಲ್ಲಿ. ನಿಜವಾದ ವಿಮಾನದ ಪೈಲಟ್ ಅದರೊಳಗೇ ಕುಳಿತಿರುತ್ತಾನೆ. ಎಂಜಿನ್ ಸ್ವಲ್ಪ ಅದುರಿದರೂ ಸೀಟಿನ ಮೂಲಕ ಬೆನ್ನಿಗೆ ತಿಳಿಯುತ್ತದೆ. ನಿಯಂತ್ರಣದ ಕೋಲು ಬಿಗಿಯಾದರೆ, ಸಡಿಲಾದರೆ ಕೈಗೆ ತಿಳಿಯುತ್ತದೆ. ಎಣ್ಣೆ ಸುಟ್ಟರೆ ಮೂಗಿಗೆ ತಿಳಿಯುತ್ತದೆ. ಮಾದರಿ ವಿಮಾನ ಹಾರಿಸುವವನು ನೆಲದ ಮೇಲೆ, ನೂರು ಮೀಟರ್ ದೂರದಲ್ಲಿ ನಿಂತಿದ್ದಾನೆ. ಅವನಿಗೆ ಇರುವುದು ಕಣ್ಣು, ಅಷ್ಟಿಷ್ಟು ಕಿವಿ. ವಿಮಾನ ತನ್ನ ಮೈಯ ನೋವನ್ನು ಅವನಿಗೆ ಹೇಳಲು ಬೇರೆ ದಾರಿಯಿಲ್ಲ. ಅದು ಹೇಳಬೇಕಾದ್ದನ್ನೆಲ್ಲ ಇಳಿದ ಮೇಲೆ, ಒರೆಸುವ ಕೈಗೇ ಹೇಳಬೇಕು. ಹೊಲದಿಂದ ಬಂದ ಎತ್ತಿನ ಮೈ ತೊಳೆಯುವ ರೈತನಿಗೆ ಉಣ್ಣೆ ಕಚ್ಚಿದ್ದು, ನೊಗ ಉಜ್ಜಿ ಹೆಗಲು ಸುಲಿದದ್ದು ಗೊತ್ತಾಗುವುದೂ ಹೀಗೆಯೇ, ಅಂಗೈಯಿಂದ. ಮೂರು–ನಾಲ್ಕು ಕಿಲೋ ತೂಗುವ ವಸ್ತುವೊಂದು ಜನರಿರುವ ಕಡೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುತ್ತಿದೆಯೆಂದರೆ, ಆ ಮಾತು ಕೇಳಿಸಿಕೊಳ್ಳುವುದು ಹಾರಿಸುವವನ ಹೊಣೆ.

ಅಳತೆಗೆ ತಕ್ಕ ಮಾದರಿಗಳಲ್ಲಿ, ಎಂದರೆ ನಿಜವಾದ ಒಂದು ವಿಮಾನವನ್ನೇ ಪಡಿಯಚ್ಚಿನಂತೆ ಕಿರಿದಾಗಿಸಿದವುಗಳಲ್ಲಿ, ಈ ಕೆಲಸಕ್ಕೆ ಇನ್ನಷ್ಟು ಸೂಕ್ಷ್ಮ ಬೇಕು. ಎಚ್‌ಟಿ–2 ವಿಮಾನವನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಎಚ್‌ಎಎಲ್ ಸ್ವತಃ ವಿನ್ಯಾಸಗೊಳಿಸಿ ದೊಡ್ಡ ಸಂಖ್ಯೆಯಲ್ಲಿ ತಯಾರಿಸಿದ ಮೊದಲ ವಿಮಾನ ಅದು. ಡಾ. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲ ಸಲ ಹಾರಿತು. ಮುಂದೆ ದಶಕಗಳ ಕಾಲ ವಾಯುಪಡೆಯ ಎಳೆಯ ಪೈಲಟ್‌ಗಳು ಹಾರಲು ಕಲಿತದ್ದು ಅದರಲ್ಲೇ. ಅದರ ರೆಕ್ಕೆಯ ಅಗಲ ಸುಮಾರು 35 ಅಡಿ. ಆರರಲ್ಲೊಂದು ಅಳತೆಗೆ ಇಳಿಸಿದರೆ ಆರಡಿಗೆ ಸ್ವಲ್ಪ ಕಡಿಮೆ. ಇಂಥದ್ದನ್ನು ಕಟ್ಟುವವರು ರೆಕ್ಕೆಯ ಮೇಲಿನ ಪ್ರತಿ ರಿವೆಟ್ಟನ್ನೂ ಸಿರಿಂಜಿನ ಮೊನೆಯಿಂದ ಬಿಳಿ ಅಂಟಿನ ಹನಿಯಿಟ್ಟು ಮಾಡುತ್ತಾರೆ. ಬಣ್ಣ ಬಳಿದ ಮೇಲೆ ಎಕ್ಸಾಸ್ಟ್ ಪೈಪಿನ ಹಿಂದೆ ಮಸಿಯ ನೆರಳು, ಪೈಲಟ್ ಕಾಲಿಟ್ಟು ಹತ್ತುವ ಜಾಗದಲ್ಲಿ ಸವೆದ ಬಣ್ಣ, ಫಲಕಗಳ ಸಂದಿಯಲ್ಲಿ ಕೊಳೆಯ ಗೆರೆ, ಎಲ್ಲವನ್ನೂ ಹಳೆಯ ಫೋಟೊಗಳನ್ನು ನೋಡಿ ನೋಡಿ ಕುಂಚದಿಂದ, ಬಣ್ಣದ ಸೀಮೆಸುಣ್ಣದ ಪುಡಿಯಿಂದ ಮೂಡಿಸುತ್ತಾರೆ. ದುಡಿದ ವಿಮಾನದ ಮೈಮೇಲೆ ದುಡಿಮೆ ಕಾಣಬೇಕು ಎಂಬುದು ಅವರ ಹಟ.

ಅಂಥ ವಿಮಾನ ಹಾರಿ ಇಳಿದಾಗ ಅದರ ಮೇಲೆ ಎರಡು ಬಗೆಯ ಕೊಳೆ ಇರುತ್ತದೆ. ಒಂದು ಕಲಾವಿದ ಮೂಡಿಸಿದ್ದು, ಇನ್ನೊಂದು ಎಂಜಿನ್ ಉಗುಳಿದ್ದು. ಮೊದಲನೆಯದು ಅಳತೆಗೆ ತಕ್ಕದ್ದು. ಎರಡನೆಯದು ಅಳತೆ ಮೀರಿದ್ದು, ಮಾದರಿಯ ಮೇಲಿನ ಒಂದು ಅಂಗುಲದ ಎಣ್ಣೆ ಕಲೆ ನಿಜದ ವಿಮಾನದಲ್ಲಾದರೆ ಅರ್ಧ ಅಡಿ ಅಗಲ. ಎರಡನೆಯದು ಹೋಗಬೇಕು, ಮೊದಲನೆಯದು ಉಳಿಯಬೇಕು. ಒರೆಸುವವನು ಇಂಚಿಂಚನ್ನೂ ಗುರುತಿಟ್ಟುಕೊಂಡಿರದಿದ್ದರೆ ಇದು ಆಗದ ಕೆಲಸ. ಮಂಕು ಬಣ್ಣವನ್ನು ಜೋರಾಗಿ ಉಜ್ಜಿದರೆ ಅಲ್ಲೊಂದು ಹೊಳಪು ಬಂದು ವಿಮಾನ ಒಮ್ಮೆಲೇ ಆಟಿಕೆಯಂತೆ ಕಾಣುತ್ತದೆ. ಅದಕ್ಕೇ ಬಟ್ಟೆಯನ್ನು ಎಳೆಯದೆ, ಒತ್ತಿ ಒತ್ತಿ ಎಣ್ಣೆಯನ್ನು ಮೇಲಕ್ಕೆ ತೆಗೆಯುತ್ತಾರೆ. ಹೊಳಪು ತರುವುದು ಆರೈಕೆಯ ಗುರಿಯಾಗಿದ್ದರೆ ಈ ವಿಮಾನವನ್ನು ಒರೆಸಿದಷ್ಟೂ ಹಾಳಾಗುತ್ತಿತ್ತು. ಅದರ ಗುರಿ ವಿಮಾನವನ್ನು ಬಲ್ಲವರಾಗುವುದು.

ಹೊಳಪಿನ ಮೇಲಷ್ಟೇ ಗಮನವಿಟ್ಟು ಮಾಡಿದ ಸ್ವಚ್ಛತೆ ಎಂಥ ಅನಾಹುತ ಮಾಡಬಲ್ಲದು ಎಂಬುದಕ್ಕೆ ವಿಮಾನಯಾನದ ಚರಿತ್ರೆಯಲ್ಲೇ ಒಂದು ದಾರುಣ ಉದಾಹರಣೆಯಿದೆ. 1996ರ ಅಕ್ಟೋಬರ್ 2ರ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಪೆರು ದೇಶದ ಲಿಮಾದಿಂದ ಏರೋಪೆರು ಸಂಸ್ಥೆಯ ಬೋಯಿಂಗ್ 757 ಹೊರಟಿತು. ಅದಕ್ಕೂ ಮುಂಚೆ ವಿಮಾನದ ಮೈಯನ್ನು ಶುಚಿ ಮಾಡಿ ಹೊಳಪು ಕೊಡುವಾಗ, ಹೊರಗಿನ ಗಾಳಿಯ ಒತ್ತಡವನ್ನು ಅಳೆಯುವ ಪುಟ್ಟ ರಂಧ್ರಗಳಿಗೆ ನೀರು, ಪಾಲಿಶ್ ಹೋಗದಿರಲೆಂದು ಟೇಪ್ ಅಂಟಿಸಿದ್ದರು. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲಿಲ್ಲ. ಆಮೇಲೆ ನೋಡಿದವರ ಕಣ್ಣಿಗೂ ಬೀಳಲಿಲ್ಲ. ವಿಮಾನ ಮೇಲೇರಿದ ಮೇಲೆ ಎತ್ತರ, ವೇಗ ಎರಡನ್ನೂ ಉಪಕರಣಗಳು ತಪ್ಪಾಗಿ ತೋರಿಸಿದವು. ಕತ್ತಲ ಸಮುದ್ರದ ಮೇಲೆ ಪೈಲಟ್‌ಗಳಿಗೆ ತಾವೆಲ್ಲಿದ್ದೇವೆಂದು ತಿಳಿಯಲಿಲ್ಲ. ವಿಮಾನ ಪೆಸಿಫಿಕ್ ಸಾಗರಕ್ಕೆ ಬಿದ್ದು ಅದರಲ್ಲಿದ್ದ 70 ಮಂದಿಯೂ ಸತ್ತರು. ವಿಮಾನ ಕೊಳೆಯಾಗಿರಲಿಲ್ಲ. ತೊಳೆದಿತ್ತು, ಹೊಳೆಯುತ್ತಿತ್ತು. ತೊಳೆದ ಮೇಲೆ ನೋಡಬೇಕಾದ ನೋಟ ಮಾತ್ರ ಇರಲಿಲ್ಲ.

ನಮ್ಮ ಸಣ್ಣ ವಿಮಾನಗಳಲ್ಲೂ ಕಾರ್ಬ್ಯುರೇಟರಿಗೆ ಧೂಳು ಹೋಗದಿರಲೆಂದು ಬಟ್ಟೆಯ ಉಂಡೆ ಸಿಕ್ಕಿಸುತ್ತೇವೆ, ಗಾಳಿಯ ಕಿಂಡಿಗಳಿಗೆ ಟೇಪ್ ಹಚ್ಚುತ್ತೇವೆ. ಹಾಗೆ ಮುಚ್ಚಿದ್ದಕ್ಕೆಲ್ಲ ಉದ್ದನೆಯ ಕೆಂಪು ರಿಬ್ಬನ್ ಕಟ್ಟುವುದು ದೊಡ್ಡ ವಿಮಾನಗಳ ರೂಢಿ. ಸಣ್ಣದಕ್ಕೂ ಅದನ್ನೇ ಪಾಲಿಸುವುದು ಜಾಣತನ.

ಈಗ ಕಾಲ ಬದಲಾಗಿದೆ. ಬಯಲಿಗೆ ಬರುವ ವಿಮಾನಗಳಲ್ಲಿ ಬಹಳಷ್ಟು ಬ್ಯಾಟರಿಯವು, ಮೈ ಫೋಮಿನದು. ಎಣ್ಣೆಯಿಲ್ಲ, ವಾಸನೆಯಿಲ್ಲ, ಸದ್ದೂ ಕಡಿಮೆ. ಅವುಗಳ ಆರೈಕೆ ಬೇರೆ ಬಗೆಯದು. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದೊಂದು ಸೆಲ್ಲೂ ತುಂಬಿದಾಗ 4.2 ವೋಲ್ಟ್. ಹಾರಿಸದೆ ಇಡುವಾಗ ಅದನ್ನು ಸುಮಾರು 3.8 ವೋಲ್ಟಿಗೆ ಇಳಿಸಿ ಇಡಬೇಕು, ತುಂಬಿಯೇ ಇಟ್ಟರೆ ಬೇಗ ಮುದಿಯಾಗುತ್ತದೆ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು. ಚಾರ್ಜಿಗೆ ಹಾಕಿ ಮನೆಬಿಟ್ಟು ಹೋಗಲೇಬಾರದು, ಅದು ಹೊತ್ತಿಕೊಳ್ಳಬಲ್ಲ ವಸ್ತು. ಯಾವ ವಿಮಾನವನ್ನೇ ಆಗಲಿ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ಫೋಮ್ ಉಬ್ಬುತ್ತದೆ, ಫಿಲ್ಮ್ ಸುಕ್ಕುಗಟ್ಟುತ್ತದೆ.

ಇಷ್ಟೆಲ್ಲ ಅನುಕೂಲವಿದ್ದರೂ ಒಂದು ನಷ್ಟವಾಗಿದೆ. ಎಣ್ಣೆ ಇದ್ದಾಗ ಒರೆಸದೆ ವಿಧಿಯಿರಲಿಲ್ಲ, ಒರೆಸುವ ನೆಪದಲ್ಲಿ ಹಿಂಜು, ಕೊಂಡಿ, ಸ್ಕ್ರೂಗಳೆಲ್ಲ ಕೈಗೆ ಸಿಗುತ್ತಿದ್ದವು. ಈಗ ವಿಮಾನ ಇಳಿಯುತ್ತದೆ, ಚೊಕ್ಕಟವಾಗಿಯೇ ಇರುತ್ತದೆ, ಬ್ಯಾಟರಿ ಬದಲಿಸಿ ಮತ್ತೆ ಮೇಲೆ ಕಳಿಸುತ್ತೇವೆ. ನಮ್ಮ ಬಯಲಿನಲ್ಲಿ ಹಿರಿಯರೊಬ್ಬರಿದ್ದಾರೆ, ವಿಮಾನಗಳ ನಡುವೆಯೇ ನೌಕರಿ ಮುಗಿಸಿ ನಿವೃತ್ತರಾದವರು. ಹುಡುಗನೊಬ್ಬ ಇಳಿಸಿದ ಫೋಮ್ ವಿಮಾನಕ್ಕೆ ಹೊಸ ಬ್ಯಾಟರಿ ತುರುಕುತ್ತಿದ್ದುದನ್ನು ಕಂಡು ಅವರು ಬಟ್ಟೆ ಚಾಚಿದರು.

"ಕೊಳೆನೇ ಆಗಿಲ್ವಲ್ಲ ಅಂಕಲ್, ಏನ್ ಒರೆಸ್ಲಿ?"

"ಆಗಿಲ್ಲ ಅಂತ ನಂಗೂ ಗೊತ್ತು ಕಣಪ್ಪ. ಒಂದ್ಸಲ ಮೈಯೆಲ್ಲ ಕೈಯಾಡ್ಸು, ಆಮೇಲೆ ಹಾರಿಸೋವಂತೆ."

ಹುಡುಗ ಒರೆಸಿದ. ಬಾಲದ ಬಳಿ ಬಂದಾಗ ರಡ್ಡರಿನ ಹಿಂಜಿನ ಉದ್ದಕ್ಕೂ ಫೋಮ್ ಅರ್ಧ ಹರಿದಿರುವುದು ಅವನಿಗೇ ಸಿಕ್ಕಿತು. ಹಿರಿಯರು ಪಾಠವನ್ನೇನೂ ಹೇಳಲಿಲ್ಲ, ಅಂಟಿನ ಬಾಟಲಿ ಕೊಟ್ಟರು.

ಅಂದಿನಿಂದ, ಕೈಯಾಡಿಸಿದರೇ ತಿಳಿಯುತ್ತದೆ ಎಂಬ ಈ ಮಾತು ನನಗೆ ಬಯಲಿನಾಚೆಗೂ ಅನ್ವಯಿಸುತ್ತದೆ ಎನಿಸಿದೆ. ನಮ್ಮ ಬದುಕಿನಲ್ಲಿ ದೂರದಿಂದ ನಡೆಸುವ ಸಂಗತಿಗಳು ದಿನೇ ದಿನೇ ಹೆಚ್ಚುತ್ತಿವೆ. ಹಳ್ಳಿಯ ರೈತ ಇಂದು ಮನೆಯ ಜಗಲಿಯಲ್ಲಿ ಕೂತು ಮೊಬೈಲಿನಿಂದಲೇ ಬೋರ್‌ವೆಲ್ ಪಂಪ್ ಚಾಲೂ ಮಾಡುತ್ತಾನೆ. ರಾತ್ರಿ ಕರೆಂಟು ಬಂದಾಗ ಹಾವು–ಚೇಳಿನ ಭಯದಲ್ಲಿ ತೋಟಕ್ಕೆ ಓಡುವ ಕಷ್ಟ ತಪ್ಪಿತು, ಅದು ದೊಡ್ಡ ಉಪಕಾರ. ಆದರೆ ಹಿಂದೆ ದಿನವೂ ಪಂಪಿನ ಮನೆಗೆ ಹೋಗುತ್ತಿದ್ದಾಗ ಇಲಿ ಕಡಿದ ವೈರು, ತೊಟ್ಟಿಕ್ಕುವ ಪೈಪು, ಸ್ಟಾರ್ಟರಿನೊಳಗೆ ಕಟ್ಟಿದ ಗೂಡು ಕಣ್ಣಿಗೆ ಬೀಳುತ್ತಿದ್ದವು. ಮೊಬೈಲ್ ಅವುಗಳ ಸುದ್ದಿ ಹೇಳುವುದಿಲ್ಲ.

ಊರಲ್ಲಿರುವ ಅಪ್ಪ–ಅಮ್ಮನನ್ನು ಬೆಂಗಳೂರಿನಿಂದಲೋ ಅಮೆರಿಕದಿಂದಲೋ ನೋಡಿಕೊಳ್ಳುವ ಮಕ್ಕಳು ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ! ದಿನವೂ ವಿಡಿಯೊ ಕಾಲ್ ಮಾಡುತ್ತಾರೆ, ಔಷಧಿ ಆನ್‌ಲೈನಿನಲ್ಲಿ ತರಿಸಿಕೊಡುತ್ತಾರೆ, ಹಣ ಕಳಿಸುತ್ತಾರೆ. ಅದರಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೆ ಪರದೆಯಲ್ಲಿ ಕಾಣುವುದು ಮುಖ ಮಾತ್ರ. "ಚೆನ್ನಾಗಿದೀನಿ ಕಣೋ" ಎನ್ನುವ ಅಮ್ಮನ ಪಾದ ಊದಿರುವುದು, ಅಪ್ಪನ ಅಂಗಿ ಸಡಿಲವಾಗುತ್ತಿರುವುದು, ಬಚ್ಚಲ ಮನೆಯ ನೆಲ ಜಾರುತ್ತಿರುವುದು ಊರಿಗೆ ಹೋಗಿ ಕಾಲಿಗೆ ಎಣ್ಣೆ ತಿಕ್ಕಲು ಕೂತವರಿಗೆ, ಬಚ್ಚಲು ಉಜ್ಜಿದವರಿಗೆ ಗೊತ್ತಾಗುತ್ತದೆ.

ಆಯುಧಪೂಜೆಯ ದಿನ ನಾವು ವಾಹನ, ಯಂತ್ರ, ನೇಗಿಲು, ಕತ್ತಿ ಎಲ್ಲವನ್ನೂ ತೊಳೆದು ಒರೆಸಿ, ಆಮೇಲೆ ಕುಂಕುಮ ಇಡುತ್ತೇವೆ. ತೊಳೆಯದೆ ಪೂಜೆಯಿಲ್ಲ. ಹಿರಿಯರು ಈ ಕ್ರಮ ಇಟ್ಟದ್ದರಲ್ಲಿ ನನಗೆ ದೊಡ್ಡ ವಿವೇಕ ಕಾಣುತ್ತದೆ, ಏಕೆಂದರೆ ವರ್ಷಕ್ಕೊಮ್ಮೆಯಾದರೂ ಪ್ರತಿ ಯಂತ್ರದ ಮೈಮೇಲೂ ಅದರ ಒಡೆಯನ ಕೈ ಹಾದುಹೋಗುತ್ತದೆ. ಅದನ್ನು ವರ್ಷದ ಒಂದು ದಿನಕ್ಕೆ ಬಿಡದೆ ದಿನದ ಅಭ್ಯಾಸ ಮಾಡಿಕೊಂಡವರ ಯಂತ್ರ ನಡುದಾರಿಯಲ್ಲಿ ಕೈಕೊಡುವುದು ಅಪರೂಪ.

ಎನ್‌ಸಿಸಿಯ ವಾಯುದಳದಲ್ಲಿ ಮಾದರಿ ವಿಮಾನ ಕಟ್ಟಿ ಹಾರಿಸುವುದು ತರಬೇತಿಯ ಭಾಗ. ಕಾಲೇಜುಗಳಲ್ಲೂ ಈಗ ಡ್ರೋನ್, ಮಾದರಿ ವಿಮಾನಗಳ ತಂಡಗಳಿವೆ. ಅವರಿಗೆ ಕಲಿಸುವವರಲ್ಲಿ ನನ್ನದೊಂದು ಕೋರಿಕೆ. ಮಕ್ಕಳ ಕೈಗೆ ರಿಮೋಟ್ ಕೊಡುವ ಮುಂಚೆ ಒರೆಸುವ ಬಟ್ಟೆ ಕೊಡಿ. ಹಾರಿಸುವುದನ್ನು ಅವರು ಹೇಗೂ ಕಲಿಯುತ್ತಾರೆ, ಸಿಮ್ಯುಲೇಟರಿನಲ್ಲಿ ಕೂತೇ ಅರ್ಧ ಕಲಿತಿರುತ್ತಾರೆ. ತಾನು ದೂರದಿಂದ ನಡೆಸುವ ವಸ್ತುವಿನ ಹತ್ತಿರ ಹೋಗಿ, ಅದರ ಮೈ ಮುಟ್ಟಿ, ಅದಕ್ಕೇನಾಗಿದೆ ಎಂದು ತಿಳಿಯುವುದನ್ನು ಯಾವ ಸಿಮ್ಯುಲೇಟರೂ ಕಲಿಸದು. ಉಳಿದ ನಮಗೂ ಇಂದಿಗೆ ಒಂದು ಕೆಲಸವಿದೆ. ಸರಿಯಾಗಿಯೇ ನಡೆಯುತ್ತಿದೆ, ಕೊಳೆಯೂ ಆಗಿಲ್ಲ ಎಂದು ಬಹಳ ದಿನದಿಂದ ಮುಟ್ಟದೆ ಬಿಟ್ಟಿರುವ ಯಾವುದಾದರೊಂದನ್ನು, ಅದು ಗ್ಯಾಸಿನ ಪೈಪಾಗಲಿ, ಸ್ಕೂಟರಿನ ಚಕ್ರವಾಗಲಿ, ಇಂದು ಬಟ್ಟೆ ಹಿಡಿದು ಒಂದು ಸಲ ಪೂರ್ತಿ ಒರೆಸೋಣ. ಕೈಗೆ ಏನೂ ಸಿಗದಿದ್ದರೆ ನಿಶ್ಚಿಂತೆ, ಸಿಕ್ಕರೆ ಸಕಾಲ.